ಹಾಪ್ಸ್ ಇಷ್ಟು ಹಾಕಿದರೂ ಘಮ ಯಾಕಿಲ್ಲ?

ಪ್ರಶ್ನೆ: ನಾನು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿದ್ದೇನೆ. ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸವಿದೆ. ಮೊನ್ನೆ ಮೊದಲ ಸಲ 19 ಲೀಟರ್ ಡಬಲ್ ಐಪಿಎ ಮಾಡಿದೆ. ಕಹಿ, ಘಮ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕುವ ಖಡಕ್ ಬಿಯರ್ ಅದು. 6 ಕೆ.ಜಿ. ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 1 ಕೆ.ಜಿ. ಕ್ರಿಸ್ಟಲ್ ಮಾಲ್ಟ್, 300 ಗ್ರಾಂ ಹಾಪ್ಸ್. ಅದರಲ್ಲಿ 200 ಗ್ರಾಂ ಒಂದು ಗಂಟೆ ಕುದಿಸಿದೆ. ಸಿಹಿಯೂ ಜಾಸ್ತಿ, ಕಹಿಯೂ ಜಾಸ್ತಿ. ಘಮ ಮಾತ್ರ ಇಲ್ಲ. ಇನ್ನೆಷ್ಟು ಹಾಪ್ಸ್ ಹಾಕಬೇಕು?

ಉತ್ತರ: ಇನ್ನೊಂದು ಗ್ರಾಂ ಕೂಡ ಬೇಡ. ಅದೇ 300 ಗ್ರಾಂ ಇರಲಿ, ಹಾಕುವ ಹೊತ್ತು ಬದಲಾಗಲಿ.

ನಾನಿರುವುದು ಸಿಯಾಟಲ್‌ನಲ್ಲಿ. ಸೆಪ್ಟೆಂಬರ್ ಬಂದರೆ ಯಾಕಿಮಾ ಕಣಿವೆಗೆ ಹಾಪ್ಸ್ ಕೊಯ್ಲು ನೋಡಲು ಹೋಗುತ್ತೇನೆ. ಹಸಿ ಹಾಪ್ಸ್ ಹೂವನ್ನು ಬಿಡಿಸಿದರೆ ಎಸಳುಗಳ ಬುಡದಲ್ಲಿ ಅರಿಸಿನದಂಥ ಹಳದಿ ಪುಡಿ ಕಾಣುತ್ತದೆ. ಅಂಗೈಯಲ್ಲಿ ತಿಕ್ಕಿದರೆ ಅಂಟಂಟು. ಕಿತ್ತಳೆ ಸಿಪ್ಪೆ, ಪೈನ್ ಮರದ ವಾಸನೆ ಸೋಪು ಹಚ್ಚಿ ತೊಳೆದರೂ ಬೇಗ ಹೋಗುವುದಿಲ್ಲ. ಆ ಘಮದ ಎಣ್ಣೆ ಕುದಿಯುವಾಗ ಹಬೆಯ ಜೊತೆ ಹಾರಿಹೋಗುತ್ತದೆ, ಕಹಿ ಉಳಿಯುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಯಾವಾಗ ಹಾಕ್ತೀವಿ? ಇಳಿಸುವಾಗ ಅಲ್ವಾ? ಇಲ್ಲೂ ಹಾಗೇ.

ಕಹಿಗೆ ಮ್ಯಾಗ್ನಮ್ ತಳಿಯ ಹಾಪ್ಸ್ 30 ಗ್ರಾಂ ಸಾಕು, ಒಂದು ಗಂಟೆ ಕುದಿಸಿ. ಒಲೆ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ ಸಿಮ್ಕೋ, ಸೆಂಟೆನಿಯಲ್, ಅಮರಿಲ್ಲೊ ತಳಿಗಳನ್ನು ತಲಾ 30 ಗ್ರಾಂ ಹಾಕಿ 20 ನಿಮಿಷ ಬಿಡಿ. ಉಳಿದ 180 ಗ್ರಾಂ ಒಲೆಯನ್ನೇ ಕಾಣಬಾರದು. ಹುದುಗು ಮುಗಿಯುತ್ತಾ ಬಂದಾಗ ನೇರ ಬಿಯರ್‌ಗೆ ಹಾಕಿ, ಮೂರು ದಿನ ಇಡಿ. ಹಾಪ್ಸ್ ಒಂದೆರಡು ಲೀಟರ್ ಹೀರಿಕೊಳ್ಳುತ್ತದೆ. ಅದಕ್ಕೇ 21 ಲೀಟರ್ ಲೆಕ್ಕ ಹಾಕಿ ಶುರುಮಾಡಿ.

ಕ್ರಿಸ್ಟಲ್ ಮಾಲ್ಟ್ ಪೂರ್ತಿ ಬಿಡಿ. ನಿಮ್ಮ ಸಿಹಿಗೆ ಅದೇ ಮುಖ್ಯ ಕಾರಣ. 1994ರಲ್ಲಿ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ಬಿಯರ್ ತಯಾರಕ ವಿನ್ನಿ ಸಿಲುರ್ಜೊ ಡಬಲ್ ಐಪಿಎ ಮಾಡಿದಾಗ ಹಾಪ್ಸ್ ದುಪ್ಪಟ್ಟು ಮಾಡಿದರು, ಮಾಲ್ಟ್ ಹೆಚ್ಚಿಸಿದ್ದು ಶೇ. 30ರಷ್ಟು ಮಾತ್ರ. 6 ಕೆ.ಜಿ. ಪೇಲ್ ಮಾಲ್ಟನ್ನು 65 ಡಿಗ್ರಿ ನೀರಿನಲ್ಲಿ ನೆನೆಸಿ, ಕುದಿಸುವಾಗ 450 ಗ್ರಾಂ ಮೆಕ್ಕೆಜೋಳದ ಸಕ್ಕರೆ (ಕಾರ್ನ್ ಶುಗರ್) ಸೇರಿಸಿ. ಸಕ್ಕರೆ ಹಾಕಿದರೆ ಇನ್ನೂ ಸಿಹಿಯಾಗುತ್ತೆ ಅಂತ ಹೆದರಬೇಡಿ. ಯೀಸ್ಟ್ ಅದನ್ನು ಪೂರ್ತಿ ತಿಂದುಬಿಡುತ್ತದೆ, ಬಿಯರ್ ಹಗುರಾಗುತ್ತದೆ. ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.070ರಿಂದ 1.010ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 8. ಯುಎಸ್-05 ಯೀಸ್ಟ್ ಎರಡು ಪ್ಯಾಕೆಟ್ ಬೇಕು. 18–19 ಡಿಗ್ರಿಯಲ್ಲಿಡಿ.

ಇನ್ನು ಗಾಳಿ. ಇದನ್ನು ಒತ್ತಿ ಹೇಳುತ್ತೇನೆ. ಒಮ್ಮೆ ನಾನು ಅವಸರದಲ್ಲಿ ಬಿಯರನ್ನು ಬಕೆಟ್ಟಿನಿಂದ ಬಕೆಟ್ಟಿಗೆ ಸುಮ್ನೆ ಸುರಿದೆ. ಬಂಗಾರದ ಬಣ್ಣ ಎರಡೇ ವಾರದಲ್ಲಿ ಕಂದಾಯಿತು. ಕಿತ್ತಳೆ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬಂತು. ಅಷ್ಟೂ ಬಿಯರ್ ಚೆಲ್ಲಿದ ಆ ದಿನ ಇವತ್ತಿಗೂ ನೆನಪಿದೆ. ಪೈಪನ್ನು ತಳಮುಟ್ಟ ಇಳಿಸಿ, ಗುಳ್ಳೆ ಏಳದಂತೆ ತುಂಬಿ.

ಬಾಟಲಿಗೆ ತುಂಬಲು ಅವಸರ ಬೇಡ. ಕುದಿಸದೆ ಹಾಕಿದ ಹಾಪ್ಸ್‌ನಲ್ಲಿ ಕಿಣ್ವಗಳಿರುತ್ತವೆ. ಯೀಸ್ಟ್ ಮುಟ್ಟದೆ ಬಿಟ್ಟದ್ದನ್ನೂ ಅವು ಒಡೆದು ಸಕ್ಕರೆ ಮಾಡುತ್ತವೆ, ಹುದುಗು ಮತ್ತೆ ಶುರುವಾಗುತ್ತದೆ. ಆಗ ಬಾಟಲಿ ಸಿಡಿಯಬಹುದು. ಮೂರು ದಿನ ಗ್ರಾವಿಟಿ ಅಲ್ಲೇ ನಿಂತಿದ್ದರೆ ಮಾತ್ರ ತುಂಬಿ. ಎರಡು ವಾರ ಬಿಟ್ಟು ಒಂದು ತೆಗೆದು ನೋಡಿ. ಗ್ಯಾಸ್ ಬಂದಿದ್ದರೆ ಎಲ್ಲವನ್ನೂ ಫ್ರಿಜ್ಜಿಗೆ ಹಾಕಿ, ಗೆಳೆಯರನ್ನು ಕರೆಯಿರಿ.