ಸರ್ವರ್‌ನ ಹೊಸ ಡೈರೆಕ್ಟರಿ ಹುಡುಕೋಕೆ ಸಮಯ ನೋಡಬೇಡಿ, ಹೆಸರು ನೋಡಿ

ಸರ್ವರ್‌ನಲ್ಲಿ ದಿನಾ ರಾತ್ರಿ ಹೊಸ ಡೈರೆಕ್ಟರಿ (ಫೋಲ್ಡರ್) ಆಗುತ್ತೆ, ಅದೊಂದನ್ನೇ ಸ್ಕ್ರಿಪ್ಟಿನಲ್ಲಿ ಮಿರರ್ ಮಾಡಬೇಕು, ಅಂದರೆ ಇದ್ದ ಹಾಗೇ ನಮ್ಮ ಮಷೀನಿಗೆ ನಕಲಿಸಬೇಕು. ‘ಎಲ್‌ಎಸ್ ಮೈನಸ್ ಟಿ’ (ಸಮಯ ನೋಡಿ ಹೊಸದನ್ನು ಮೊದಲು ಪಟ್ಟಿ ಮಾಡುವ ಕಮಾಂಡ್) ಕೊಟ್ಟು ಮೊದಲ ಸಾಲು ತಗೊಂಡರೆ ಒಮ್ಮೊಮ್ಮೆ ಹಳೆಯದು ಬರುತ್ತೆ, ಯಾಕೆ ಅಂತ ಕೇಳಿದ್ದೀರಿ. ನನಗೂ ಇದೇ ಆಗಿತ್ತು.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದ ಲೆಕ್ಕ ನೋಡಿಕೊಳ್ಳುತ್ತೇನೆ. ಆಳುಗಳ ಹಾಜರಿ, ಕುಯ್ಲಿನ ತೂಕ, ಇಂಚು-ಸೆಂಟಿನಲ್ಲಿ ಬರೆಯುವ ಮಳೆ ಲೆಕ್ಕ ಎಲ್ಲ ಬೆಂಗಳೂರಿನ ಸರ್ವರ್‌ನಲ್ಲಿದೆ. ಅದರ ಬ್ಯಾಕಪ್ ತೋಟದ ಆಫೀಸಿಗೂ ಬರಬೇಕು. ಒಂದು ದಿನ ಯಾರೋ ಹಿಂದಿನ ವಾರದ ಡೈರೆಕ್ಟರಿಯಿಂದ ಬೇಡದ ಫೈಲೊಂದನ್ನು ಅಳಿಸಿದರು. ಅಷ್ಟಕ್ಕೇ ಅದರ ಸಮಯ ಹೊಸದಾಯ್ತು, ಸ್ಕ್ರಿಪ್ಟು ಅದನ್ನೇ ಎತ್ತಿಕೊಂಡು ಬಂತು. ನಕಲು ಮಾಡುವ ಪ್ರೋಗ್ರಾಮ್ ಆರ್‌ಸಿಂಕ್‌ಗೆ ‘ಡಿಲೀಟ್’ ಬೇರೆ ಕೊಟ್ಟಿದ್ದೆ, ಅದು ಅಲ್ಲಿಲ್ಲದ ಫೈಲನ್ನು ಇಲ್ಲೂ ಅಳಿಸುತ್ತೆ. ಇಲ್ಲಿದ್ದ ಈ ವಾರದ ಹಾಜರಿಯೆಲ್ಲ ಅಳಿಸಿಹೋಯ್ತು. ಮಾರನೇ ದಿನ ಬಟವಾಡೆ. ಸರ್ವರ್‌ನಲ್ಲಿ ಪ್ರತಿ ಇತ್ತು ನಿಜ, ಆದರೆ ಮಳೆಗೆ ಮರ ಬಿದ್ದು ನೆಟ್ಟೇ ಇರಲಿಲ್ಲ.

ಡೈರೆಕ್ಟರಿಯ ಸಮಯ ಬದಲಾಗುವುದು ನೇರ ಅದರೊಳಗೆ ಒಂದು ಹೆಸರು ಸೇರಿದಾಗ, ಹೋದಾಗ, ಇಲ್ಲವೇ ಬದಲಾದಾಗ ಮಾತ್ರ. ಒಳಗಿನ ಫೈಲನ್ನೇ ತಿದ್ದಿದರೆ, ಅಥವಾ ಇನ್ನೂ ಒಳಗಿನ ಡೈರೆಕ್ಟರಿಯಲ್ಲಿ ಏನಾದರೂ ಆದರೆ, ಮೇಲಿನದಕ್ಕೆ ಗೊತ್ತೇ ಆಗಲ್ಲ. ಎರಡೂ ಕಡೆಯಿಂದ ಮೋಸ.

ಹಾಗಾಗಿ ಹೆಸರಲ್ಲೇ ತಾರೀಕಿರಲಿ, ವರ್ಷ ಮೊದಲು: 2025-06-14. ಆಗ ಬರೀ ‘ಸಾರ್ಟ್’ ಕಮಾಂಡಿನಿಂದ ಹೆಸರುಗಳನ್ನು ಕ್ರಮವಾಗಿಟ್ಟು ‘ಟೇಲ್’‌ನಿಂದ ಕೊನೆಯದನ್ನು ತಗೊಂಡರೆ ಸಾಕು. ದಿನ ಮೊದಲಿಟ್ಟರೆ ಮೇ 30 ಹೋಗಿ ಜೂನ್ 14ರ ನಂತರ ಕೂರುತ್ತೆ. ಮಧ್ಯದಲ್ಲಿ ಒಂದು ‘ಗ್ರೆಪ್’ (ಸಾಲುಗಳನ್ನು ಸೋಸುವ ಕಮಾಂಡ್) ಹಾಕಿ ತಾರೀಕಿನ ರೂಪದ ಹೆಸರು ಮಾತ್ರ ಉಳಿಸಿಕೊಳ್ಳಿ, ಇಲ್ಲದಿದ್ದರೆ ಯಾರೋ ಮಾಡಿಟ್ಟ ‘ಟೆಸ್ಟ್’ ಕೊನೆಗೆ ಬಂದು ನಿಲ್ಲುತ್ತೆ. ಸರ್ವರ್ ಕಡೆಯವರಿಗೆ ಹೇಳಿ: ಬ್ಯಾಕಪ್ ಮುಗಿಯುವ ತನಕ ಬೇರೆ ಹೆಸರಲ್ಲಿ ಬರೆದು, ಮುಗಿದ ಮೇಲೆ ತಾರೀಕಿನ ಹೆಸರಿಗೆ ಬದಲಿಸಲಿ. ಅರ್ಧಂಬರ್ಧ ಇರುವುದು ನಿಮ್ಮ ಗ್ರೆಪ್‌ಗೆ ಸಿಗುವುದೇ ಇಲ್ಲ.

ಇದೊಂದನ್ನು ದಯವಿಟ್ಟು ಬಿಡಬೇಡಿ: ಸಿಕ್ಕ ಹೆಸರು ಖಾಲಿಯಾಗಿದ್ದರೆ ಸ್ಕ್ರಿಪ್ಟು ಅಲ್ಲೇ ನಿಲ್ಲಬೇಕು. ಸರ್ವರ್‌ಗೆ ಹೋಗುವ ಎಸ್‌ಎಸ್‌ಎಚ್ ಸಂಪರ್ಕ ಕಡಿದುಹೋದರೆ ಹೆಸರು ಖಾಲಿ ಬರುತ್ತೆ, ಆಗ ದಾರಿ (ಪಾತ್) ಮೇಲಿನ ಡೈರೆಕ್ಟರಿಗೇ ಹೋಗುತ್ತೆ. ಮುಂದಿನ ಸಾಲಲ್ಲಿ ನೆಟ್ ಮತ್ತೆ ಸಿಕ್ಕರೆ ಇರುವ ಬ್ಯಾಕಪ್ಪೆಲ್ಲ ಇಳಿಯೋಕೆ ಶುರು.

ಈಗ ನಾನು ‘ಡಿಲೀಟ್’ ಬಳಸಲ್ಲ. ಇಲ್ಲೂ ದಿನಕ್ಕೊಂದು ಡೈರೆಕ್ಟರಿ. ಆರ್‌ಸಿಂಕ್‌ನ ‘ಆರ್ಕೈವ್’ (ಫೈಲಿನ ಸಮಯ, ಅನುಮತಿ ಹಾಗೇ ಉಳಿಸುವ ಆಯ್ಕೆ) ಜೊತೆ ‘ಲಿಂಕ್-ಡೆಸ್ಟ್’ ಕೊಟ್ಟು ನಿನ್ನೆಯ ಪ್ರತಿ ತೋರಿಸಿದರೆ, ಬದಲಾಗದ ಫೈಲು ಮತ್ತೆ ಇಳಿಯಲ್ಲ, ಹಾರ್ಡ್ ಲಿಂಕ್ ಆಗಿ, ಅಂದರೆ ಅದೇ ಫೈಲಿಗೆ ಇನ್ನೊಂದು ಹೆಸರಾಗಿ ಕೂರುತ್ತೆ. ‘ಲಿಂಕ್-ಡೆಸ್ಟ್’ಗೆ ರೂಟ್‌ನಿಂದ (‘/’) ಶುರುವಾಗುವ ಪೂರ್ತಿ ದಾರಿಯನ್ನೇ ಕೊಡಿ. ದೊಡ್ಡ ಫೈಲು ನಡುವೆ ನಿಂತರೆ ‘ಪಾರ್ಶಿಯಲ್’ ಆಯ್ಕೆ ಬಂದಷ್ಟನ್ನು ಉಳಿಸುತ್ತೆ. ಸರ್ವರ್‌ನಲ್ಲಿ ಫೈಲು ಕಳಿಸುವ ಹಳೆಯ ವಿಧಾನ ಎಫ್‌ಟಿಪಿ ಮಾತ್ರ ಇದ್ದರೆ ಎಲ್‌ಎಫ್‌ಟಿಪಿ ಪ್ರೋಗ್ರಾಮಿನ ‘ಮಿರರ್’ ಇದೆ, ಹೆಸರು ಆರಿಸುವ ಕ್ರಮ ಅದೇ.

ರಾತ್ರಿ ಮಷೀನು ಆಫ್ ಆಗಿದ್ದರೆ, ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟು ಓಡಿಸುವ ಕ್ರಾನ್ ತಪ್ಪಿದ ಕೆಲಸವನ್ನು ಆಮೇಲೆ ಮಾಡಲ್ಲ. ನಮ್ಮಲ್ಲಿ ಕರೆಂಟಿನ ಭರವಸೆ ಇಲ್ಲ, ಅದಕ್ಕೆ ಗಂಟೆಗೊಮ್ಮೆ ಓಡಿಸುತ್ತೇನೆ, ಒಂದರ ಮೇಲೊಂದು ಬೀಳದಂತೆ ‘ಎಫ್‌ಲಾಕ್’ ಒಳಗಿಟ್ಟು.