ನಂಬಿಕೆಯಿಂದಲೇ ರಕ್ಷಣೆ ಎಂದಾದರೆ ಎಲ್ಲರಿಗೂ ರಕ್ಷಣೆ ಸಿಗುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಮನುಷ್ಯನು ನಂಬಿಕೆಯಿಂದ ಮಾತ್ರ ದೇವರ ಮುಂದೆ ನೀತಿವಂತನಾಗುತ್ತಾನೆ ಎಂದು ಒಪ್ಪುವ ಕ್ರೈಸ್ತರು, ಕೊನೆಗೆ ಎಲ್ಲರೂ ರಕ್ಷಣೆ (ಪಾಪದಿಂದ ಬಿಡುಗಡೆ, ದೇವರೊಂದಿಗೆ ನಿತ್ಯಜೀವ) ಹೊಂದುತ್ತಾರೆ ಎಂದೂ ಹೇಳಬಹುದೇ? ಎರಡನೆಯದನ್ನು ಒಪ್ಪಿದವನು ಮೊದಲನೆಯದನ್ನು ಕೈಬಿಟ್ಟಂತೆಯೇ ಎಂದು ನಿಮ್ಮ ಮಿತ್ರರು ವಾದಿಸುತ್ತಿದ್ದಾರೆ.

ನಾನು ಪಾದ್ರಿಯಲ್ಲ. ಬೈಬಲ್ ಓದುವ ಗುಂಪುಗಳಲ್ಲಿ ಬಹಳ ವರ್ಷ ಕುಳಿತು, ಇದೇ ವಾದವನ್ನು ಎರಡೂ ಕಡೆಯಿಂದ ಮಾಡಿ ಸೋತವನು. ನಿಮ್ಮ ಮಿತ್ರರ ಮಾತು ಅರ್ಧ ಸರಿ. ಎಲ್ಲರಿಗೂ ರಕ್ಷಣೆ ಎನ್ನುವವರಲ್ಲಿ ಒಂದು ಬಗೆಯವರು ನಂಬಿಕೆಯನ್ನು ನಿಜವಾಗಿಯೂ ಟೊಳ್ಳು ಮಾಡುತ್ತಾರೆ. ಇನ್ನೊಂದು ಬಗೆಯವರು ಅದರ ಒಂದು ಕೂದಲನ್ನೂ ಕೊಂಕಿಸುವುದಿಲ್ಲ.

ಮೊದಲು 'ಮಾತ್ರ' ಎಂಬ ಪದದ ಕಥೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 3:28ರಲ್ಲಿ, ಧರ್ಮಶಾಸ್ತ್ರದ, ಅಂದರೆ ಮೋಶೆಯ ನಿಯಮಗಳ, ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಮನುಷ್ಯ ನೀತಿವಂತನೆಂಬ ನಿರ್ಣಯ ಪಡೆಯುತ್ತಾನೆ ಎಂದು ಅಪೊಸ್ತಲ ಪೌಲ ಬರೆಯುತ್ತಾನೆ. ಮೂಲ ಗ್ರೀಕಿನಲ್ಲಿ 'ಮಾತ್ರ' ಇಲ್ಲ. 1522ರ ಜರ್ಮನ್ ಅನುವಾದದಲ್ಲಿ ಅದನ್ನು ಸೇರಿಸಿದವನು ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್. ಟೀಕೆ ಬಂದಾಗ, 1530ರಲ್ಲಿ ಅನುವಾದದ ಬಗ್ಗೆಯೇ ಒಂದು ಬಹಿರಂಗ ಪತ್ರ ಬರೆದು, ಒಂದನ್ನು ಹೌದೆಂದು ಇನ್ನೊಂದನ್ನು ಅಲ್ಲವೆನ್ನುವಾಗ ಜರ್ಮನ್ ಭಾಷೆ ಆ ಪದವನ್ನು ಕೇಳುತ್ತದೆ ಎಂದು ಸಮರ್ಥಿಸಿಕೊಂಡ. ರೈತ ಧಾನ್ಯವನ್ನು ಮಾತ್ರ ತಂದ, ಹಣ ತರಲಿಲ್ಲ ಎಂಬಂಥ ಉದಾಹರಣೆ ಅವನದು. ಕನ್ನಡ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ: 'ನಂಬಿಕೆಯಿಂದ' ಎನ್ನುವುದಕ್ಕೂ 'ನಂಬಿಕೆಯಿಂದಲೇ' ಎನ್ನುವುದಕ್ಕೂ ನಡುವೆ ಇರುವುದು ಒಂದೇ ಅಕ್ಷರ, ಆದರೆ ಆ ಅಕ್ಷರಕ್ಕಾಗಿ ಯೂರೋಪಿನ ಕ್ರೈಸ್ತ ಸಭೆ ಎರಡಾಯಿತು. ತಮಾಷೆಯೆಂದರೆ 'ನಂಬಿಕೆಯಿಂದ ಮಾತ್ರ' ಎಂಬ ಜೋಡಿ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಡೆ, ಯಾಕೋಬನ ಪತ್ರಿಕೆಯ 2:24ರಲ್ಲಿ. ಅಲ್ಲಿ ಅದರ ಮುಂದೆ 'ಅಲ್ಲ' ಇದೆ.

ಕ್ಯಾಥೊಲಿಕರು 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ ಉತ್ತರ ಕೊಟ್ಟರು: ನಂಬಿಕೆ ರಕ್ಷಣೆಯ ಆರಂಭ, ಅಡಿಪಾಯ, ಬೇರು; ಆದರೆ ದೇವರು ಮನುಷ್ಯನನ್ನು ನೀತಿವಂತನೆಂದು ಘೋಷಿಸುವುದಷ್ಟೇ ಅಲ್ಲ, ಒಳಗಿನಿಂದ ನೀತಿವಂತನನ್ನಾಗಿ ಮಾಡುತ್ತಾನೆ. ಈ ಜಗಳ ಈಗ ಬಹುಪಾಲು ತಣ್ಣಗಾಗಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಈ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಸೇರಿಕೊಂಡವು. ತಣ್ಣಗಾಗದೆ ಉಳಿದಿರುವುದು ನಿಮ್ಮ ಪ್ರಶ್ನೆಯ ಎರಡನೆಯ ಅರ್ಧ.

ಅಲ್ಲಿ ಮೂರು ಮಾತುಗಳಿವೆ. ದೇವರು ಎಲ್ಲರ ರಕ್ಷಣೆಯನ್ನು ಬಯಸುತ್ತಾನೆ. ದೇವರು ಬಯಸಿದ್ದು ನೆರವೇರುತ್ತದೆ. ಕೆಲವರು ಶಾಶ್ವತವಾಗಿ ನಾಶಕ್ಕೆ ಹೋಗುತ್ತಾರೆ. ಮೂರನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ, ಒಂದನ್ನು ಬಿಡಲೇಬೇಕು. 1618–19ರಲ್ಲಿ ನೆದರ್‌ಲ್ಯಾಂಡ್ಸಿನ ಡಾರ್ಟ್‌ನಲ್ಲಿ ಸೇರಿದ, ರಕ್ಷಣೆ ಹೊಂದುವವರನ್ನು ದೇವರೇ ಮೊದಲು ಆರಿಸುತ್ತಾನೆ ಎನ್ನುವ ಕ್ಯಾಲ್ವಿನ್‌ವಾದಿಗಳು ಮೊದಲನೆಯದನ್ನು ಬಿಟ್ಟರು: ಕ್ರಿಸ್ತನ ಮರಣದ ಫಲ ಖಚಿತವಾಗಿ ಸಲ್ಲುವುದು ಆಯ್ಕೆಯಾದವರಿಗೆ. ಅವರ ಎದುರಾಳಿಗಳಾದ, ಡಚ್ ದೇವಶಾಸ್ತ್ರಜ್ಞ ಆರ್ಮೀನಿಯಸನ ಅನುಯಾಯಿಗಳು ಎರಡನೆಯದನ್ನು ಬಿಟ್ಟರು: ಮನುಷ್ಯ ಕೃಪೆಯನ್ನು ತಳ್ಳಿಬಿಡಬಲ್ಲ. ಸರ್ವರಕ್ಷಣಾವಾದಿಗಳು ಬಿಡುವುದು ಮೂರನೆಯದನ್ನು. ಹೀಗಿರುವಾಗ ಉಳಿದಿಬ್ಬರು ತಮ್ಮ ಕೈಯಿಂದ ಏನೂ ಬಿದ್ದೇ ಇಲ್ಲವೆಂಬಂತೆ ಮೂರನೆಯವರ ಮೇಲೆ ಹರಿಹಾಯುವುದನ್ನು ಕಂಡಾಗ ನನಗೆ ರೇಗುತ್ತದೆ.

ಈಗ ನಾನು ಹೇಳಿದ ಎರಡು ಬಗೆ. 1770ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜಾನ್ ಮರ್ರಿ ಎಂಬ ಬೋಧಕ ಮೊದಲ ಬಗೆಯವನು. ಕ್ರಿಸ್ತನಲ್ಲಿ ಇಡೀ ಮಾನವಕುಲ ಆಗಲೇ ಒಂದಾಗಿದೆ, ಆಗಲೇ ಬಿಡುಗಡೆಯಾಗಿದೆ. ನಂಬುವುದೆಂದರೆ ಆ ಸುದ್ದಿ ನಮಗೆ ತಲುಪುವುದು ಎಂಬ ಧಾಟಿ ಅವನದು. ಕೇಳಲು ಹಿತ. ಆದರೆ ಇಲ್ಲಿ ನಂಬಿಕೆ ಅಂಚೆಯಲ್ಲಿ ತಡವಾಗಿ ಬಂದ ಕಾಗದವಾಗುತ್ತದೆ, ಬಾರದಿದ್ದರೂ ನಷ್ಟವಿಲ್ಲ. ಪೌಲನಿಗೆ ನಂಬಿಕೆ ಅಷ್ಟು ಹಗುರವಲ್ಲ. ನಿಮ್ಮ ಮಿತ್ರರ ಆಕ್ಷೇಪ ಇವರಿಗೆ ನೇರವಾಗಿ ತಾಗುತ್ತದೆ.

ಎರಡನೆಯ ಬಗೆ ಹಳೆಯದು, ಮೂರನೆಯ ಶತಮಾನದ ಒರಿಜೆನ್ ಮತ್ತು ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿ ಎಂಬ ಕ್ರೈಸ್ತ ಚಿಂತಕರದು. ದೇವರ ಬೆಂಕಿ ಸುಡುವುದು ಶುದ್ಧಿಗಾಗಿ, ಕೊನೆಗೆ ಪ್ರತಿಯೊಬ್ಬರೂ ತಾವಾಗಿಯೇ ದೇವರ ಕಡೆಗೆ ತಿರುಗುತ್ತಾರೆ ಎನ್ನುತ್ತಾರೆ. ಇಲ್ಲಿ ನಂಬದೆ ರಕ್ಷಣೆ ಹೊಂದುವವನು ಒಬ್ಬನೂ ಇಲ್ಲ. ಎಲ್ಲರೂ ನಂಬುತ್ತಾರೆ, ಕೆಲವರು ಬಹಳ ತಡವಾಗಿ. ಒರಿಜೆನನ ಬೋಧನೆಯನ್ನು 543ರಲ್ಲಿ ಸಾಮ್ರಾಟ ಜಸ್ಟಿನಿಯನ್ ಖಂಡಿಸಿದ. ಗ್ರೆಗರಿಯನ್ನು ಯಾರೂ ಮುಟ್ಟಲಿಲ್ಲ, ಇಂದಿಗೂ ಅವನು ಸಂತ.

ಹಾಗಾದರೆ ಗಂಟು ಇರುವುದು ನಂಬಿಕೆಯಲ್ಲಿ ಅಲ್ಲ, ಗಡುವಿನಲ್ಲಿ. ಸಾವಿನೊಂದಿಗೆ ನಂಬುವ ಅವಕಾಶ ಮುಗಿಯುತ್ತದೆಯೇ? ನಂಬಿಕೆಯ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಲೂಥರನನ್ನೇ 1522ರಲ್ಲಿ ಒಬ್ಬ ಶ್ರೀಮಂತ ಇದನ್ನು ಕೇಳಿದ್ದ. ನಂಬಿಕೆಯಿಲ್ಲದೆ ರಕ್ಷಣೆಯಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ ಲೂಥರ್, ಸತ್ತ ಮೇಲೂ ದೇವರು ನಂಬಿಕೆಯನ್ನು ಕೊಡಬಲ್ಲನೆಂಬುದನ್ನು ಯಾರು ತಾನೇ ಸಂಶಯಿಸುತ್ತಾರೆ, ಆದರೆ ಹಾಗೆ ಕೊಡುತ್ತಾನೆ ಎಂದು ಸಾಬೀತು ಮಾಡಲಾಗದು ಎಂದು ಬರೆದ. ಹಾಗೆಂದು ಅವನನ್ನು ಸರ್ವರಕ್ಷಣಾವಾದಿ ಎಂದುಕೊಳ್ಳಬೇಡಿ. ಲೂಥರನ್ನರ ನಂಬಿಕೆಯ ಘೋಷಣೆಯಾದ 1530ರ ಆಗ್ಸ್‌ಬರ್ಗ್ ವಿಶ್ವಾಸದ ಅರಿಕೆಯ 17ನೆಯ ವಿಧಿ ದಂಡನೆಗೆ ಕೊನೆಯಿದೆ ಎನ್ನುವವರನ್ನು ಸ್ಪಷ್ಟವಾಗಿ ಖಂಡಿಸುತ್ತದೆ.

ಇನ್ನು ವಚನಗಳು. ನಿಮ್ಮ ಮಿತ್ರರು ಮತ್ತಾಯ 25:46ನ್ನು ಎತ್ತಿಯೇ ಎತ್ತುತ್ತಾರೆ: ಇವರು ನಿತ್ಯದಂಡನೆಗೆ, ನೀತಿವಂತರು ನಿತ್ಯಜೀವಕ್ಕೆ. ಎರಡೂ ಕಡೆ ಇರುವುದು ಒಂದೇ ಗ್ರೀಕ್ ಪದ. ಜೀವ ಕೊನೆಯಿಲ್ಲದ್ದಾದರೆ ದಂಡನೆಯೂ ಹಾಗೆಯೇ ಎಂದು ಆದಿಸಭೆಯ ಚಿಂತಕ ಅಗಸ್ಟಿನ್ ಬಹಳ ಹಿಂದೆಯೇ ವಾದಿಸಿದ್ದ. ಆ ಪದಕ್ಕೆ 'ಬರುವ ಯುಗಕ್ಕೆ ಸೇರಿದ' ಎಂಬ ಅರ್ಥವೂ ಇದೆ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಿಲ್ಲ, ಅಗಸ್ಟಿನನ ವಾದಕ್ಕೆ ತೂಕವಿದೆ.

ಆದರೆ ಅದೇ ಭಾಗವನ್ನು 31ನೆಯ ವಚನದಿಂದ ಓದಿ ನೋಡಿ. ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ರಾಜ ಯಾರನ್ನೂ 'ನೀನು ನಂಬಿದೆಯಾ' ಎಂದು ಕೇಳುವುದಿಲ್ಲ. ಹಸಿದವನಿಗೆ ಊಟ ಕೊಟ್ಟೆಯಾ, ಸೆರೆಯಲ್ಲಿದ್ದವನನ್ನು ನೋಡಲು ಬಂದೆಯಾ ಎಂಬುದೇ ಅಲ್ಲಿನ ತೀರ್ಪು. ಬಲಗಡೆ ನಿಂತವರಿಗೆ ತಾವು ರಾಜನಿಗೆ ಉಪಚಾರ ಮಾಡಿದ್ದೇ ಗೊತ್ತಿಲ್ಲ! ಸರ್ವರಕ್ಷಣೆಯನ್ನು ಹೊಡೆಯಲು ಎತ್ತಿದ ಈ ಕೋಲು 'ನಂಬಿಕೆಯಿಂದ ಮಾತ್ರ' ಎನ್ನುವವನ ಬೆನ್ನಿಗೂ ಬೀಳುತ್ತದೆ. ಒಳ್ಳೆಯ ಕ್ರಿಯೆಗಳು ನಂಬಿಕೆಯ ಫಲ ಎಂದು ಸಮಾಧಾನ ಹೇಳಬಹುದು, ನಾನೂ ಹೇಳುತ್ತೇನೆ. ಆದರೆ ಒಂದು ವಚನಕ್ಕೆ ವ್ಯಾಖ್ಯಾನದ ಸೌಲಭ್ಯ ಪಡೆದವನು ಎದುರಿನವನಿಗೂ ಅದನ್ನು ಕೊಡಬೇಕಾಗುತ್ತದೆ.

ಸರ್ವರಕ್ಷಣಾವಾದಿಗಳ ಬಲವಾದ ವಚನ ರೋಮಾಪುರದವರಿಗೆ 5:18. ಒಬ್ಬನ (ಆದಾಮನ) ಅಪರಾಧದಿಂದ ಎಲ್ಲ ಮನುಷ್ಯರಿಗೂ ದಂಡನೆ, ಒಬ್ಬನ (ಕ್ರಿಸ್ತನ) ನೀತಿಕಾರ್ಯದಿಂದ ಎಲ್ಲ ಮನುಷ್ಯರಿಗೂ ಜೀವ. ಮೊದಲ 'ಎಲ್ಲ' ನಿಜವಾಗಿಯೂ ಎಲ್ಲರೂ, ಎರಡನೆಯ 'ಎಲ್ಲ' ಮಾತ್ರ ನಂಬಿದವರೆಲ್ಲ ಎಂದು ಕತ್ತರಿಸುವುದು ಕಷ್ಟ. ಅದರ ಹಿಂದಿನ ವಚನದಲ್ಲೇ ಕೃಪೆಯನ್ನು 'ಹೊಂದುವವರು' ಎಂಬ ಮಾತಿದೆ ಎನ್ನುವುದನ್ನೂ ಮುಚ್ಚಿಡಬಾರದು.

ನಾನು ನಿಂತಿರುವುದು ಸುಮಾರಾಗಿ ಇಪ್ಪತ್ತನೆಯ ಶತಮಾನದ ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ನಿಂತ ಜಾಗದಲ್ಲಿ. ಎಲ್ಲರಿಗೂ ರಕ್ಷಣೆ ಎಂದು ಸಿದ್ಧಾಂತವಾಗಿ ಬೋಧಿಸಲು ಅವನು ಒಪ್ಪಲಿಲ್ಲ, ಅದಕ್ಕಾಗಿ ಆಶಿಸುವುದನ್ನು ತಪ್ಪೆನ್ನಲೂ ಒಪ್ಪಲಿಲ್ಲ. ಇದು ಜಾರಿಕೊಳ್ಳುವ ಉತ್ತರ ಎಂದು ಎರಡೂ ಕಡೆಯವರು ಬೈಯುತ್ತಾರೆ. ಬೈಯಲಿ.

ಮುಂದಿನ ಸಲ ವಾದಕ್ಕೆ ಕುಳಿತಾಗ ಬಿಡಿ ವಚನ ಬಿಟ್ಟು, ರೋಮಾಪುರದವರಿಗೆ ಬರೆದ ಪತ್ರಿಕೆಯ 9ರಿಂದ 11ನೆಯ ಅಧ್ಯಾಯದವರೆಗೆ ಇಬ್ಬರೂ ಒಂದೇ ಓಟದಲ್ಲಿ ಓದಿ. 9ರಲ್ಲಿ ಪೌಲ ಕಟ್ಟಾ ಕ್ಯಾಲ್ವಿನ್‌ವಾದಿಯಂತೆ ಕಾಣುತ್ತಾನೆ, 10ರಲ್ಲಿ ನಂಬಿ ಬಾಯಿಂದ ಅರಿಕೆ ಮಾಡು ಎನ್ನುತ್ತಾನೆ, 11:32ರಲ್ಲಿ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಕಟ್ಟಿಹಾಕಿದ್ದು ಎಲ್ಲರಿಗೂ ಕರುಣೆ ತೋರಿಸಲೆಂದೇ ಎನ್ನುತ್ತಾನೆ. ಇದು ಹೇಗೆ ಎಂದು ವಿವರಿಸದೆ ಮುಂದಿನ ವಚನದಲ್ಲೇ ದೇವರ ಜ್ಞಾನದ ಆಳವನ್ನು ಕೊಂಡಾಡತೊಡಗುತ್ತಾನೆ. ನಿಮ್ಮ ಮಿತ್ರರು ಆ 32ನೆಯ ವಚನಕ್ಕೆ ಏನು ಹೇಳಿದರೆಂದು ಇಲ್ಲಿ ಬರೆಯಿರಿ, ನನಗೂ ಕುತೂಹಲವಿದೆ.