ಓದುಗರು ಕೇಳಿದ್ದು: ನಮ್ಮ ಪಾಯಿಂಟ್ ನಾವ್ಯಾಕೆ ಕೊಡ್ಬೇಕು?

ಪ್ರಶ್ನೆ: ಟ್ರಾಲ್ ಬೋಟಲ್ಲಿ ತಾಂಡೇಲ, ಅಂದ್ರೆ ಬೋಟ್ ನಡೆಸೋನು ನಾನು. ಆಳ ಕಡಲ ಹವಳ ಉಳಿಸೋಕೆ ಎಲ್ಲಾ ದೇಶದ ಮೀನುಗಾರರ ಡೇಟಾ ಒಂದೇ ಕಡೆ ಸೇರಿಸ್ತಾರಂತೆ. ನಾಳೆ ಇಲ್ಲೂ ಕೇಳಿದ್ರೆ? ಮೀನು ಸಿಗೋ ಜಾಗದ ಜಿಪಿಎಸ್ ಪಾಯಿಂಟ್ ಕೊಟ್ರೆ ಪಕ್ಕದ ಬೋಟಿನವ್ರು ಮರುದಿನವೇ ಅಲ್ಲಿರ್ತಾರೆ.
– ಓದುಗರು, ಮಲ್ಪೆ

ಉತ್ತರ: ಹೆದರಿಕೆ ಸರಿಯಾದದ್ದೇ, ಆದ್ರೆ ಅದಕ್ಕೆ ದಾರಿ ಇದೆ. 2006ರಲ್ಲಿ ವಿಶ್ವಸಂಸ್ಥೆ ಹೇಳಿದ್ಮೇಲೆ ಅಂತಾರಾಷ್ಟ್ರೀಯ ನೀರಲ್ಲಿ ತಳಬಲೆ ಎಳೆಯೋ ದೇಶಗಳು ಹವಳ, ಸ್ಪಂಜು ಇರೋ ಜಾಗ ಗುರುತಿಸಿ ಮುಚ್ಚೋಕೆ ಶುರು ಮಾಡಿದ್ವು, 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಅದನ್ನೆಲ್ಲ ಒಂದು ಡೇಟಾಬೇಸ್‌ಗೆ ತಂತು. ಅದ್ರಲ್ಲಿ ಇರೋದು ಮುಚ್ಚಿದ ಜಾಗದ ಗಡಿ ಮತ್ತು ಅಲ್ಲಿನ ನಿಯಮ, ಯಾವ ಬೋಟು ಎಲ್ಲಿ ಬಲೆ ಹಾಕ್ತು ಅನ್ನೋದಲ್ಲ. ಯುರೋಪ್ ಕಡೆ ವಿಜ್ಞಾನಿಗಳು ಬೋಟಿನ ಟ್ರ್ಯಾಕನ್ನ 0.05 ಡಿಗ್ರಿ ಚೌಕಗಳಾಗಿ ಒಟ್ಟು ಮಾಡಿ ಮ್ಯಾಪ್ ಹಾಕ್ತಾರೆ, ಅಂದ್ರೆ ನಮ್ಮ ಅಕ್ಷಾಂಶದಲ್ಲಿ ಸುಮಾರು ಐದೂವರೆ ಕಿಲೋಮೀಟರ್, ಅಷ್ಟು ದೊಡ್ಡ ಚೌಕದಲ್ಲಿ ನಿಮ್ಮ ಪಾಯಿಂಟ್ ಹುಡುಕೋಕೆ ಪಕ್ಕದ ಬೋಟಿನವ್ರಿಗೆ ಅಷ್ಟು ಸುಲಭ ಅಲ್ಲ. ಹಾಗಾಗಿ ಕೊಡೋ ಮೊದ್ಲು ‘ಎಷ್ಟು ದೊಡ್ಡ ಚೌಕ?’ ಅಂತ ಕೇಳಿ, ಬರಹದಲ್ಲೇ ತಗೊಳ್ಳಿ.

ಇನ್ನೊಂದು ವಿಷ್ಯ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಹವಳ ಬಂದಾಗ ಮಾತ್ರ ಬರೆದ್ರೆ ಡೇಟಾ ಅರ್ಧ. ಬಲೆ ಎಳೆದ್ವಿ, ಏನೂ ಬರ್ಲಿಲ್ಲ ಅನ್ನೋದೂ ಬರೀಬೇಕು, ಇಲ್ಲಾಂದ್ರೆ ಮ್ಯಾಪಲ್ಲಿ ಖಾಲಿ ಕಾಣೋ ಜಾಗ ನಿಜವಾಗ್ಲೂ ಖಾಲಿಯೋ ಅಥ್ವಾ ಅಲ್ಲಿಗೆ ಯಾರೂ ಹೋಗೇ ಇಲ್ವೋ ಗೊತ್ತಾಗಲ್ಲ, ಕೊನೆಗೆ ಅನುಮಾನದ ಮೇಲೆ ನಿಮ್ಮ ಒಳ್ಳೆ ಜಾಗವೂ ಮುಚ್ಚಿಹೋಗ್ಬಹುದು. ಸುಮ್ನಿದ್ರೆ ನಷ್ಟ ನಿಮಗೇ ಅಂತ ನನ್ನ ಲೆಕ್ಕ.

ಪ್ರಶ್ನೆ: ನಾಲ್ಕು ತುಂಡು ಹವಳ ಬಂದ್ರೆ ಜಾಗ ಮುಚ್ಚೋದು ಜಾಸ್ತಿ ಆಗ್ಲಿಲ್ವಾ?
– ಫಿಶರೀಸ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಹವಾಯಿ ಹತ್ರ ಸಿಕ್ಕ ಒಂದು ಕಪ್ಪು ಹವಳಕ್ಕೆ 4,000 ವರ್ಷ ದಾಟಿದೆ ಕಣಮ್ಮಾ. ಬಲೆಯ ಬಾಯಿ ಅಗಲ ಮಾಡೋ ಟ್ರಾಲ್ ಬೋರ್ಡ್ ಒಂದ್ಸಲ ಉಜ್ಜಿದ್ರೆ ನಮ್ಮ ಮರಿಮಕ್ಕಳ ಕಾಲಕ್ಕೂ ಬೆಳೆಯಲ್ಲ. ಅಂಟಾರ್ಕ್ಟಿಕ್ ಸುತ್ತ ಗಾಳದ ಹಗ್ಗ ಬಿಡೋರಿಗೆ ನಿಯಮ ಹೀಗಿದೆ: 1,000 ಗಾಳ ಅಥ್ವಾ 1,200 ಮೀಟರ್ ಹಗ್ಗದ ಒಂದು ತುಂಡಲ್ಲಿ ಇಂಥ ಜೀವಿಗಳು 10 ಯೂನಿಟ್ ಬಂದ್ರೆ, ಒಂದು ಯೂನಿಟ್ ಅಂದ್ರೆ ಒಂದು ಲೀಟರ್ ಅಥ್ವಾ ಒಂದು ಕಿಲೋ, ಸುತ್ತ ಒಂದು ನಾಟಿಕಲ್ ಮೈಲಿ ಬಂದ್. ಈ ನಿಯಮ ಮುಚ್ಚೋದು ಅಷ್ಟೇ ಜಾಗ. ಇದ್ರಲ್ಲಿ ಜಾಸ್ತಿ ಏನು ಬಂತು?

ಪ್ರಶ್ನೆ: ನಮ್ಮ ಬಲೆಗೆ ಹವಳ ಬಂದ್ರೆ ಏನ್ಮಾಡೋದು?
– ಗಂಗೊಳ್ಳಿ

ಉತ್ತರ: ಪಕ್ಕದಲ್ಲಿ ಸ್ಕೇಲೋ, ಇಲ್ದಿದ್ರೆ ನೀರಿನ ಬಾಟ್ಲೋ ಇಟ್ಟು ಫೋಟೋ ತೆಗೀರಿ, ಆಳ, ಜಾಗ, ತೂಕ ಬರ್ಕೊಳ್ಳಿ, ಕಡಲಿಗೇ ಬಿಡಿ. ಮಂಗಳೂರಲ್ಲಿರೋ, ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಕೇಂದ್ರದಲ್ಲಿ ಫೋಟೋ ತೋರಿಸ್ಬಹುದು. ಶೋಕೇಸಿಗೆ ಅಂತ ಮನೆಗೆ ತರ್ಬೇಡಿ, ಕಪ್ಪು ಹವಳ, ಸೀ ಫ್ಯಾನ್ (ಬೀಸಣಿಗೆ ಥರದ ಹವಳ) ಎಲ್ಲಾ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿವೆ, ಕೇಸ್ ಬೀಳುತ್ತೆ.